ಸೈಕಲ್ ಅಂಗಡಿಯ ಜಗಳ ಕಾಗದಕ್ಕೆ ಇಳಿಯಬೇಕು

ಕಳೆದ ಬೇಸಿಗೆಯಲ್ಲಿ ಸಿರುಗುಪ್ಪ ಕಡೆಯ ತಂದೆಯೊಬ್ಬರು ಬಳ್ಳಾರಿಯ ನನ್ನ ಕಚೇರಿಗೆ ಬಂದು, ಚೀಲದಿಂದ ಸೈಕಲ್ಲಿನ ಎಡ ಪೆಡಲ್ಲೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಒಂಬತ್ತನೇ ತರಗತಿಗೆ ಹೋಗಲಿರುವ ಮಗಳಿಗೆಂದು ₹9,200 ಕೊಟ್ಟು ನಗರದ ಅಂಗಡಿಯೊಂದರಲ್ಲಿ ಗೇರ್ ಸೈಕಲ್ ಕೊಂಡಿದ್ದರು. ಮೂರನೇ ವಾರದಲ್ಲಿ ಹುಡುಗಿ ಟ್ಯೂಷನ್ ಮುಗಿಸಿ ಬರುವಾಗ ಪೆಡಲ್ ಕಳಚಿ, ಆಕೆ ಬಿದ್ದು ಮೊಣಕಾಲು ತರಚಿತ್ತು. ಅಂಗಡಿಯವರು, "ನಿಮ್ಮ ಮಗಳಿಗೆ ಸೈಕಲ್ ಹೊಡ್ಯಾಕ ಬರಲ್ಲ, ಅದಕ್ಕ ನಾವೇನ್ ಮಾಡಾಣ್ರಿ? ಕಂಪನಿಯವ್ರನ್ನ ಕೇಳ್ರಿ" ಎಂದು ನಾಲ್ಕು ಜನರ ಮುಂದೆ ಹೇಳಿ ಕಳಿಸಿದ್ದರು. ಆ ತಂದೆ ಅರ್ಧ ಗಂಟೆ ಈ ಅವಮಾನದ ಬಗ್ಗೆ ಮಾತನಾಡಿದರು. ಪೆಡಲ್ಲಿನ ಬಗ್ಗೆ ಮಾತನಾಡಿದ್ದು ಐದೇ ನಿಮಿಷ.

ಗ್ರಾಹಕರ ವ್ಯಾಜ್ಯಗಳನ್ನು ನಡೆಸುವ ವಕೀಲನಾಗಿ ನಾನು ಮತ್ತೆ ಮತ್ತೆ ಕಾಣುವುದು ಇದನ್ನೇ. ನೋವು ಮಾತಿನಿಂದ ಆಗಿರುತ್ತದೆ, ಆದರೆ ಕಾನೂನು ಪರಿಹಾರ ಕೊಡುವುದು ವಸ್ತುವಿನಲ್ಲಿರುವ ದೋಷಕ್ಕೆ ಅಥವಾ ಮಾಡಬೇಕಾಗಿದ್ದು ಮಾಡದೆ ಬಿಟ್ಟ ಸೇವೆಗೆ. ಒರಟು ಮಾತೊಂದನ್ನೇ ಹಿಡಿದು ದೂರು ಬರೆದರೆ ಅದು ನಿಲ್ಲುವುದು ಕಷ್ಟ. ಆದ್ದರಿಂದ ಜಗಳದೊಳಗಿನ ದೋಷವನ್ನು ಬೇರ್ಪಡಿಸಿ ಕಾಗದಕ್ಕೆ ಇಳಿಸುವುದೇ ಮೊದಲ ಕೆಲಸ.

ಆ ಪೆಡಲ್ಲನ್ನು ಕೈಗೆ ತೆಗೆದುಕೊಂಡು ನೋಡಿದಾಗ ಅದರ ಥ್ರೆಡ್ಡಿನ ಸಂದಿಗಳಲ್ಲಿ ಕ್ರ್ಯಾಂಕಿನ (ಪೆಡಲ್ ಕೂರುವ ತೋಳಿನ) ಅಲ್ಯೂಮಿನಿಯಂ ಚೂರುಗಳು ಸಿಕ್ಕಿಕೊಂಡಿದ್ದವು. ಸೈಕಲ್ಲಿನ ಎಡ ಪೆಡಲ್ಲಿಗೆ ಉಲ್ಟಾ ಥ್ರೆಡ್ ಇರುತ್ತದೆ, ಅಂದರೆ ಅದನ್ನು ಬಿಗಿ ಮಾಡಲು ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ತಿರುಗಿಸಬೇಕು. ಪೆಟ್ಟಿಗೆಯಲ್ಲಿ ಬಿಡಿಬಿಡಿಯಾಗಿ ಬಂದ ಸೈಕಲ್ಲನ್ನು ಅಂಗಡಿಯಲ್ಲಿ ಜೋಡಿಸುವಾಗ, ಅವಸರದಲ್ಲಿ ಪೆಡಲ್ಲನ್ನು ಓರೆಯಾಗಿ ಕೂರಿಸಿ ಪಾನಾ ಹಾಕಿ ಬಲವಂತವಾಗಿ ತಿರುಗಿಸಿದರೆ, ಉಕ್ಕಿನ ಪೆಡಲ್ಲು ಮೆತ್ತಗಿನ ಅಲ್ಯೂಮಿನಿಯಂ ಕ್ರ್ಯಾಂಕಿನ ಥ್ರೆಡ್ಡನ್ನು ಕಿತ್ತು ಹಾಕುತ್ತದೆ. ಆಮೇಲೆ ಕೆಲವು ವಾರ ಹೇಗೋ ಹಿಡಿದುಕೊಂಡಿದ್ದು, ಒಂದು ದಿನ ಕಳಚಿ ಬೀಳುತ್ತದೆ. ಇದರಲ್ಲಿ ಓಡಿಸಿದ ಹುಡುಗಿಯ ತಪ್ಪೇನೂ ಕಾಣುವುದಿಲ್ಲ. ಬೇರೊಬ್ಬ ಅನುಭವಿ ಮೆಕ್ಯಾನಿಕ್ ಅದನ್ನು ನೋಡಿ ಇದೇ ಮಾತನ್ನು ಬರೆದು ಸಹಿ ಮಾಡಿಕೊಟ್ಟರು. ಆ ಅರ್ಧ ಪುಟವನ್ನು ಲಗತ್ತಿಸಿ, ಕೊಂಡ ದಿನಾಂಕ, ಕೊಟ್ಟ ಹಣ, ಆದ ಘಟನೆ, ಬೇಕಾದ ಪರಿಹಾರ ಮತ್ತು 15 ದಿನಗಳ ಗಡುವು ಇಷ್ಟನ್ನೇ ಬರೆದ ಒಂದು ಪುಟದ ಪತ್ರವನ್ನು ತಂದೆಯ ಹೆಸರಿನಲ್ಲಿಯೇ ಸ್ಪೀಡ್ ಪೋಸ್ಟ್ ಮೂಲಕ ಕಳಿಸಿದೆವು. ಅಂಗಡಿಯವರು ಆರನೇ ದಿನ ತಾವೇ ಕರೆದು ಕ್ರ್ಯಾಂಕ್ ಮತ್ತು ಪೆಡಲ್ ಎರಡನ್ನೂ ಹೊಸದಾಗಿ ಹಾಕಿಕೊಟ್ಟರು. ಕ್ಷಮೆಯನ್ನಂತೂ ಕೇಳಲಿಲ್ಲ.

ನಮ್ಮ ಭಾಗದಲ್ಲಿ ಇದಕ್ಕಿಂತ ಹೆಚ್ಚು ತಕರಾರು ಬರುವುದು ಪಂಕ್ಚರಿನಿಂದ. ಊರಿನ ಹೆಸರನ್ನೇ ಹೊತ್ತ ಬಳ್ಳಾರಿ ಜಾಲಿಯ ಮುಳ್ಳು ರಸ್ತೆಯ ಅಂಚಿನಲ್ಲೆಲ್ಲ ಬಿದ್ದಿರುವಾಗ, ಪ್ರತಿ ಪಂಕ್ಚರಿಗೂ ಅಂಗಡಿಯವರನ್ನು ಹೊಣೆ ಮಾಡುವುದು ನ್ಯಾಯವಲ್ಲ. ಟೈರು, ಟ್ಯೂಬು, ಬ್ರೇಕ್ ರಬ್ಬರುಗಳಂಥ ಸವೆಯುವ ಭಾಗಗಳನ್ನು ವಾರಂಟಿಯಿಂದ ಹೊರಗಿಡುವುದೂ ಸಾಮಾನ್ಯ. ಆದರೆ ಟ್ಯೂಬಿನಲ್ಲಿ ತೂತು ಯಾವ ಕಡೆಗಿದೆ ಎಂದು ನೋಡಬೇಕು. ಟೈರಿನ ಕಡೆಗಿದ್ದರೆ ಮುಳ್ಳೋ ಗಾಜೋ ಕಾರಣವಿರಬಹುದು. ರಿಮ್ಮಿನ ಕಡೆಗಿದ್ದರೆ, ಟ್ಯೂಬಿನಡಿ ರಿಮ್ಮನ್ನು ಮುಚ್ಚುವ ಪಟ್ಟಿಯಾದ ರಿಮ್ ಟೇಪ್ ಸರಿದು ಸ್ಪೋಕಿನ ತುದಿ ಅಥವಾ ರಿಮ್ಮಿನ ರಂಧ್ರದ ಅಂಚು ಟ್ಯೂಬನ್ನು ಕೊರೆದಿರುವ ಸಂಭವವೇ ಹೆಚ್ಚು, ಮತ್ತು ಅದು ಜೋಡಣೆಯ ಲೋಪ. ಅಕ್ಕಪಕ್ಕದಲ್ಲಿ ಎರಡು ಸೀಳುಗಳಿದ್ದರೆ ಗಾಳಿ ಕಡಿಮೆ ಇಟ್ಟು ತಗ್ಗಿಗೆ ಇಳಿಸಿದ ಗುರುತು, ಅಲ್ಲಿ ಗ್ರಾಹಕರು ಸುಮ್ಮನಾಗುವುದೇ ಸರಿ. ಒಂದೇ ತಿಂಗಳಲ್ಲಿ ನಾಲ್ಕು ಸಲ ಪಂಕ್ಚರ್ ಹಾಕಿಸಿಕೊಂಡವರು ಹಳೆಯ ಟ್ಯೂಬನ್ನು ಎಸೆಯದೆ ತಂದರೆ ನನ್ನ ಕೆಲಸ ಅರ್ಧ ಮುಗಿದಂತೆ.

"ಒಮ್ಮೆ ಮಾರಿದ ಸರಕನ್ನು ಹಿಂದಕ್ಕೆ ಪಡೆಯಲಾಗುವುದಿಲ್ಲ" ಎಂದು ಬಿಲ್ಲಿನ ಕೆಳಗೆ ಅಚ್ಚಾಗಿರುವುದನ್ನು ನೋಡಿಯೇ ಎಷ್ಟೋ ಮಂದಿ ವಾಪಸಾಗುತ್ತಾರೆ. 2020ರ ಜುಲೈ 20ರಿಂದ ಜಾರಿಯಲ್ಲಿರುವ 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯ ಪ್ರಕಾರ, ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನಗಳೊಳಗೆ, ಹಿಂದಕ್ಕೆ ಪಡೆದು ಹಣ ಮರಳಿಸಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿಯಾಗುತ್ತದೆ. ಬಣ್ಣ ಇಷ್ಟವಾಗಲಿಲ್ಲ ಎಂಬುದಕ್ಕೆ ಈ ಮಾತು ಅನ್ವಯಿಸದು. ಬಿಲ್ ಕೊಡದಿರುವುದು ಕೂಡ ಅದೇ ಕಾಯ್ದೆಯ ಕಲಂ 2(47)ರ ಅಡಿಯಲ್ಲಿ ಬರುತ್ತದೆ. ಬಿಲ್ ಬೇಕೆಂದರೆ ಜಿಎಸ್‌ಟಿ ಸೇರಿಸಿ ಹೆಚ್ಚು ಕೊಡಬೇಕಾಗುತ್ತದೆಂದು ಹೆದರಿಸುವವರಿದ್ದಾರೆ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ಲಿನ ಮೇಲಿನ ತೆರಿಗೆ ಶೇ 12ರಿಂದ ಶೇ 5ಕ್ಕೆ ಇಳಿದಿರುವುದನ್ನು ಅಂಥವರಿಗೆ ನೆನಪಿಸಬಹುದು. ಬಿಲ್ ಇಲ್ಲವೇ ಇಲ್ಲ ಎಂದಾದರೂ ಫೋನಿನಿಂದ ಹಣ ಕಳಿಸಿದ ದಾಖಲೆ, ಅಂಗಡಿಯ ಹೆಸರಿರುವ ಅಂದಾಜು ಚೀಟಿ, ವಾಟ್ಸಾಪ್ ಮಾತುಕತೆ ಇವೆಲ್ಲ ಸಾಕ್ಷ್ಯಕ್ಕೆ ಒದಗುತ್ತವೆ. ಸಿರುಗುಪ್ಪದ ಆ ತಂದೆಯ ಬಳಿ ಇದ್ದದ್ದೂ ಫೋನಿನ ದಾಖಲೆ ಮಾತ್ರ.

"ಕಂಪನಿಯವ್ರನ್ನ ಕೇಳ್ರಿ" ಎಂಬ ಉತ್ತರವನ್ನೂ ಒಪ್ಪಬೇಕಾಗಿಲ್ಲ. ನಿಮ್ಮಿಂದ ಹಣ ಪಡೆದವರು ಅಂಗಡಿಯವರು, ಜೋಡಿಸಿದವರೂ ಅವರೇ. ಫ್ರೇಮ್ ಬಿರುಕು ಬಿಟ್ಟಂಥ ತಯಾರಿಕೆಯ ದೋಷವಿದ್ದಾಗ ಮಾರಿದವರನ್ನೂ ತಯಾರಕರನ್ನೂ ಒಟ್ಟಿಗೆ ಎದುರುದಾರರನ್ನಾಗಿ ಮಾಡುವುದು ನನ್ನ ರೂಢಿ, ಏಕೆಂದರೆ ಒಬ್ಬರನ್ನೇ ಮಾಡಿದರೆ ಅವರು ಇನ್ನೊಬ್ಬರ ಕಡೆಗೆ ಬೆರಳು ತೋರಿಸಿ ಕಾಲ ಕಳೆಯುತ್ತಾರೆ. ಸೈಕಲ್ ಮೇಲೆ ಹಾಲು ಹಾಕುವವರು, ಪತ್ರಿಕೆ ಹಂಚುವವರು ತಾವು ವ್ಯಾಪಾರಕ್ಕೆ ಬಳಸುವುದರಿಂದ ಗ್ರಾಹಕರಲ್ಲವೇನೋ ಎಂದು ಹಿಂಜರಿಯುತ್ತಾರೆ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡ ವಸ್ತುವಿಗೂ ಕಾಯ್ದೆಯ ರಕ್ಷಣೆ ಇದೆ, ಮತ್ತು ಸೈಕಲ್ ಒಂದು ವಾರ ನಿಂತರೆ ನಿಜವಾಗಿ ಕಷ್ಟಕ್ಕೆ ಬೀಳುವವರು ಅವರೇ. ಇನ್ನು ರಸ್ತೆ ಬದಿಯಲ್ಲಿ ಗಾಳಿ ಪಂಪು, ನೀರಿನ ಬುಟ್ಟಿ ಇಟ್ಟುಕೊಂಡು ಕೂರುವ ಪಂಕ್ಚರ್ ಅಂಗಡಿಯವರ ಮೇಲೆ ಇಪ್ಪತ್ತು ರೂಪಾಯಿಯ ಕೆಲಸಕ್ಕೆ ನೋಟಿಸ್ ಕಳಿಸಲು ಯಾರಾದರೂ ಕೇಳಿದರೆ ನಾನು ಬೇಡವೆನ್ನುತ್ತೇನೆ. ಅಲ್ಲಿ ಒಳ್ಳೆಯ ಮಾತೇ ಸಾಕು.

ಪತ್ರಕ್ಕೆ ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು. ಅಲ್ಲಿಯೂ ಇತ್ಯರ್ಥವಾಗದಿದ್ದರೆ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗವಿದೆ. ಕೊಟ್ಟ ಬೆಲೆ ₹5 ಲಕ್ಷದವರೆಗೆ ಇರುವ ದೂರುಗಳಿಗೆ ಅಲ್ಲಿ ಶುಲ್ಕವಿಲ್ಲ, ವಕೀಲರನ್ನು ಇಟ್ಟುಕೊಳ್ಳಲೇಬೇಕೆಂಬ ನಿಯಮವೂ ಇಲ್ಲ. ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಲು ಹೊಸ ಕಾಯ್ದೆ ಅವಕಾಶ ಮಾಡಿರುವುದರಿಂದ, ಗಂಗಾವತಿಯಲ್ಲಿ ಸೈಕಲ್ ಕೊಂಡ ಸಿರುಗುಪ್ಪದವರು ಕೊಪ್ಪಳಕ್ಕೆ ಅಲೆಯದೆ ಬಳ್ಳಾರಿಯಲ್ಲಿಯೇ ದೂರು ಸಲ್ಲಿಸಬಹುದು. ಕಾರಣ ಉಂಟಾದ ದಿನದಿಂದ ಎರಡು ವರ್ಷದೊಳಗೆ ಸಲ್ಲಿಸಬೇಕು. ಒಂಬತ್ತು ಸಾವಿರದ ಸೈಕಲ್ಲಿಗೆ ಮೂರು ಲಕ್ಷ ಪರಿಹಾರ ಕೇಳುವುದು ಬೇಡ ಎಂದು ನಾನು ಕಕ್ಷಿದಾರರಿಗೆ ಕಟ್ಟುನಿಟ್ಟಾಗಿ ಹೇಳುತ್ತೇನೆ; ದುರಸ್ತಿ ಅಥವಾ ಬದಲಿ ಸೈಕಲ್, ಆಸ್ಪತ್ರೆಯ ಖರ್ಚಾಗಿದ್ದರೆ ಅದರ ರಸೀದಿ, ಓಡಾಟದ ವೆಚ್ಚ, ಮಾನಸಿಕ ಕ್ಲೇಶಕ್ಕೊಂದು ಮಿತವಾದ ಮೊತ್ತ ಇಷ್ಟನ್ನು ಕೇಳಿದ ದೂರಿಗೆ ತೂಕವಿರುತ್ತದೆ.

ಎದುರುದಾರರಿಗೆ ನೋಟಿಸ್ ತಲುಪಿದ ಮೂರು ತಿಂಗಳೊಳಗೆ, ವಸ್ತುವನ್ನು ಪರೀಕ್ಷೆಗೆ ಕಳಿಸಬೇಕಾದರೆ ಐದು ತಿಂಗಳೊಳಗೆ, ದೂರನ್ನು ತೀರ್ಮಾನಿಸಲು ಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ. ಪರೀಕ್ಷೆಗೆ ಕಳಿಸಲು ವಸ್ತುವೇ ಇಲ್ಲದಿದ್ದರೆ ವಾದ ಅಲ್ಲಿಗೇ ಸಡಿಲವಾಗುತ್ತದೆ. ಆದ್ದರಿಂದ ಮುರಿದ ಭಾಗವನ್ನು ಅಂಗಡಿಯವರು "ಇಲ್ಲೇ ಬಿಟ್ಟು ಹೋಗ್ರಿ, ನಾಳೆ ನೋಡ್ತೀವಿ" ಎಂದಾಗ ಹಾಗೆಯೇ ಬಿಟ್ಟು ಬರಬಾರದು. ಫ್ರೇಮಿನ ಮೇಲೆ ಕೊರೆದಿರುವ ಸಂಖ್ಯೆ ಕಾಣುವಂತೆ ಒಂದು ಫೋಟೊ, ಮುರಿದ ಜಾಗದ ಹತ್ತಿರದ ಫೋಟೊ ಎರಡು ತೆಗೆದುಕೊಂಡು, ಇಂಥ ದಿನ ಇಂಥ ದೋಷಕ್ಕಾಗಿ ಸೈಕಲ್ ಪಡೆದಿದ್ದೇವೆ ಎಂದು ಬರೆದ ಚೀಟಿಗೆ ಅಂಗಡಿಯವರ ಸಹಿ ಮತ್ತು ಸೀಲು ಹಾಕಿಸಿಕೊಂಡೇ ಬರಬೇಕು.