ಪ್ರಿಸಿಷನ್, ರಿಕಾಲ್: ಹಳಬ ಪ್ರಾಡಕ್ಟ್ ಮ್ಯಾನೇಜರ್‌ಗಳಿಗೆ ಒಂದು ಟಿಪ್ಪಣಿ

ಮಂಗಳೂರಿನಲ್ಲಿ ನಾವು ಕೆಲವರು ವಾರಕ್ಕೊಮ್ಮೆ ಕೂತು ಓದುತ್ತೇವೆ. ಎಲ್ಲರೂ ಪ್ರಾಡಕ್ಟ್ ಮ್ಯಾನೇಜ್‌ಮೆಂಟ್‌ನಲ್ಲಿ ಬಹಳ ವರ್ಷ ಕಳೆದವರು. ಈ ವಾರ ಕಲಿತದ್ದು ಪ್ರಿಸಿಷನ್, ರಿಕಾಲ್: ಎಐ ಮಾಡೆಲ್ ಎಷ್ಟು ಸರಿಯಾಗಿ ಹೆಕ್ಕುತ್ತದೆ ಅಂತ ಅಳೆಯುವ ಎರಡು ಅಳತೆ. ತಲೆಯಲ್ಲಿ ಬಿಸಿ ಇರುವಾಗಲೇ ಬರೆದಿಡುತ್ತಿದ್ದೇನೆ.

ಯಾವುದು ಹಳತಾಗುತ್ತದೆ

1931ರಲ್ಲಿ ಅಮೆರಿಕದ ಪ್ರಾಕ್ಟರ್ ಆಂಡ್ ಗ್ಯಾಂಬಲ್ ಕಂಪನಿಯ ನೀಲ್ ಮೆಕೆಲ್ರಾಯ್ ಒಂದು ಮೆಮೊ ಬರೆದರು. ಒಂದೊಂದು ಬ್ರ್ಯಾಂಡ್‌ನ ಪೂರ್ತಿ ಹೊಣೆ ಹೊರುವ ಜನ ಬೇಕು ಅಂತ. ನಮ್ಮ ಕೆಲಸದ ಬೇರು ಅಲ್ಲಿದೆ ಅನ್ನುತ್ತಾರೆ. ಅದಕ್ಕೂ ಮೊದಲೇ, 1928ರಲ್ಲಿ, ಉಡುಪಿಯಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಅನ್ನಿಸಿಕೊಂಡ ಬ್ಯಾಂಕ್, ಪಿಗ್ಮಿ ಅನ್ನುವ ದಿನಾ ಉಳಿತಾಯದ ಯೋಜನೆ ಶುರು ಮಾಡಿತ್ತು. ಕೈಗೆ ದಿನಾ ದುಡ್ಡು ಬರುವವರಿಗೆ ಉಳಿತಾಯವೂ ದಿನಾ ಆಗಬೇಕು, ಅವರು ಬ್ಯಾಂಕಿಗೆ ಬರಲಾರರು, ಹಾಗಾಗಿ ಏಜೆಂಟ್ ಬಾಗಿಲಿಗೆ ಹೋಗಬೇಕು. 2020ರ ಏಪ್ರಿಲ್ 1ಕ್ಕೆ ಆ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಆ ಯೋಚನೆ ಮಾತ್ರ ಇವತ್ತಿಗೂ ಹೊಸದೇ.

ಹಳತಾಗುವುದು ಸಲಕರಣೆ. 2008ರಲ್ಲಿ ಆಪಲ್‌ನ ಆ್ಯಪ್ ಸ್ಟೋರ್ ಬಂತು, 2016ರಲ್ಲಿ ಯುಪಿಐ, 2022ರ ಕೊನೆಗೆ ಚಾಟ್‌ಜಿಪಿಟಿ. ಪ್ರತಿ ಸಲ ಹೊಸದಾಗಿ ಕಲಿಯಲೇಬೇಕು. ಎಲ್ಲವನ್ನೂ ಪೂರ್ತಿ ಕಲಿಯಲು ಆಗುವುದಿಲ್ಲ ಅಲ್ವಾ? ನಾನು ನಂಬಿರುವ ಅಳತೆ ಇಷ್ಟೇ: ನನ್ನ ಮೇಜಿನ ಮೇಲಿರುವ ಯಾವ ತೀರ್ಮಾನ ಇದರಿಂದ ಬದಲಾಗುತ್ತದೆ? ಆ ತೀರ್ಮಾನದ ಲೆಕ್ಕವನ್ನು ಪೆನ್ನು ಕಾಗದದಲ್ಲಿ ಮಾಡಲು ಬರುವವರೆಗೆ ಕಲಿಯುವುದು.

ಎಡವುವ ಜಾಗ

ಒಂದು ಡೆಲಿವರಿ ಆ್ಯಪ್ ಇದೆ ಅಂದುಕೊಳ್ಳಿ. ಸಪೋರ್ಟ್‌ಗೆ ದಿನಕ್ಕೆ 1000 ಮೆಸೇಜ್. ಅದರಲ್ಲಿ 50 ಮಾತ್ರ "ದುಡ್ಡು ಕಟ್ ಆಯ್ತು, ಆರ್ಡರ್ ಆಗ್ಲಿಲ್ಲ" ಅನ್ನುವ ದೂರು. ಅವನ್ನು ಎಐ ಮಾಡೆಲ್ ಹೆಕ್ಕಿಕೊಡಬೇಕು. ಅದು 80 ಹೆಕ್ಕಿತು. ತೆಗೆದು ನೋಡಿದರೆ 40 ನಿಜವಾದ ದೂರು. ಉಳಿದ 40 ಬೇರೆ: ಕೂಪನ್ ಕೇಳಿದ್ದು, ವಿಳಾಸ ಬದಲಿಸಿ ಅಂದದ್ದು.

ಮೊದಲು ಅಕ್ಯುರಸಿ, ಅಂದರೆ ಒಟ್ಟು ಮೆಸೇಜ್‌ಗಳಲ್ಲಿ ಎಷ್ಟನ್ನು ಸರಿಯಾಗಿ ಗುರುತಿಸಿತು ಅನ್ನುವುದನ್ನು ನೋಡಿ. ತಪ್ಪಾಗಿ ಹೆಕ್ಕಿದ್ದು 40, ಬಿಟ್ಟುಹೋದದ್ದು 10. ಒಟ್ಟು 50 ತಪ್ಪು. ಅಂದರೆ 1000ದಲ್ಲಿ 950 ಸರಿ, 95%. ಕೇಳಲು ಚೆನ್ನಾಗಿದೆ. ಈಗ ಏನನ್ನೂ ಹೆಕ್ಕದ ಒಂದು ಮಾಡೆಲ್ ಇದೆ ಅಂದುಕೊಳ್ಳಿ. ಎಲ್ಲದಕ್ಕೂ "ದೂರಲ್ಲ" ಅನ್ನುತ್ತದೆ. ಅದರ ತಪ್ಪೂ 50. ಅದರದ್ದೂ 95%! ಹುಡುಕುವ ವಸ್ತು ಅಪರೂಪದ್ದಾದರೆ ಅಕ್ಯುರಸಿಯಿಂದ ಹೆಚ್ಚೇನೂ ತಿಳಿಯುವುದಿಲ್ಲ.

ಅದಕ್ಕೇ ಪ್ರಿಸಿಷನ್ ಮತ್ತು ರಿಕಾಲ್. ಇಲ್ಲೇ ತಲೆ ಗೋಜಲಾಗುವುದು, ಯಾಕೆಂದರೆ ಎರಡರಲ್ಲೂ ಮೇಲಿನ ಸಂಖ್ಯೆ ಒಂದೇ: ಸರಿಯಾಗಿ ಹೆಕ್ಕಿದ 40. ಬದಲಾಗುವುದು ಕೆಳಗಿನದು ಮಾತ್ರ. ಸೂತ್ರ ಬಾಯಿಪಾಠ ಮಾಡಬೇಡಿ. ಭಾಗಿಸುವ ಮೊದಲು ಕೇಳಿಕೊಳ್ಳಿ: ಕೆಳಗಿನ ರಾಶಿ ಮಾಡಿದ್ದು ಯಾರು?

ಮಾಡೆಲ್ ಮಾಡಿದ ರಾಶಿ ಆದರೆ ಪ್ರಿಸಿಷನ್. ಅದು ಹೆಕ್ಕಿದ್ದು 80, ಸರಿ ಇದ್ದದ್ದು 40. 50%.

ಗ್ರಾಹಕರು ಮಾಡಿದ ರಾಶಿ ಆದರೆ ರಿಕಾಲ್. ಅವರು ನಿಜವಾಗಿ ದೂರಿದ್ದು 50, ಸಿಕ್ಕಿದ್ದು 40. 80%.

ಇದೊಂದು ಪ್ರಶ್ನೆ ಕೈಯಲ್ಲಿದ್ದರೆ ಮೀಟಿಂಗ್‌ನಲ್ಲಿ ಯಾರು ಯಾವ ಶೇಕಡಾ ತೋರಿಸಿದರೂ ಗೊಂದಲ ಆಗುವುದಿಲ್ಲ. "ನಮ್ಮದು 80%" ಅಂದರೆ, "ಯಾರ ರಾಶಿಯಲ್ಲಿ?" ಅಂತ ಕೇಳಿ.

ಇನ್ನೊಂದು ವಿಷಯ ತಿಳಿಯಲು ನನಗೆ ಜಾಸ್ತಿ ಹೊತ್ತು ಹಿಡಿಯಿತು. ಪ್ರಿಸಿಷನ್ ಅಳೆಯುವುದು ಸುಲಭ, ಹೆಕ್ಕಿದ 80 ಓದಿದರೆ ಸಾಕು. ರಿಕಾಲ್ ಹಾಗಲ್ಲ. ಬಿಟ್ಟುಹೋದ 10 ಇರುವುದು ಯಾರೂ ತೆರೆಯದ 920ರ ಒಳಗೆ. ಅದರಿಂದ ಕಣ್ಣುಮುಚ್ಚಿ 100 ಎತ್ತಿ ಓದಿದರೆ ಸರಾಸರಿ ಒಂದು ದೂರು ಸಿಗಬಹುದು, ಸಿಗದೆಯೂ ಇರಬಹುದು. ಹಾಗಾಗಿ ರಿಕಾಲ್ ಸಂಖ್ಯೆ ತೋರಿಸಿದವರ ಹತ್ತಿರ, ಮಾಡೆಲ್ ಬಿಟ್ಟದ್ದರಲ್ಲಿ ಎಷ್ಟು ಓದಿದ್ದೀರಿ ಅಂತ ಕೇಳಲೇಬೇಕು.

ತೀರ್ಮಾನ ಯಾರದ್ದು

ಮಾಡೆಲ್ ಪ್ರತಿ ಮೆಸೇಜ್‌ಗೂ ಒಂದು ಅಂಕ ಕೊಡುತ್ತದೆ. ಎಷ್ಟು ಅಂಕದ ಮೇಲಿನದ್ದನ್ನು ದೂರು ಅನ್ನಬೇಕು ಅಂತ ಗೆರೆ ಎಳೆಯುವವರು ನಾವು. ಗೆರೆ ಕೆಳಗಿಳಿಸಿದೆವು ಅನ್ನಿ. ಈಗ 160 ಹೆಕ್ಕುತ್ತದೆ, ಅದರಲ್ಲಿ 48 ಸರಿ. ರಿಕಾಲ್ 96%, ಪ್ರಿಸಿಷನ್ 30%. ಒಳ್ಳೆಯದೋ ಕೆಟ್ಟದ್ದೋ? ಲೆಕ್ಕ ಇಲ್ಲಿಗೇ ನಿಲ್ಲುತ್ತದೆ. ದೂರಲ್ಲದ ಮೆಸೇಜ್ ಒಂದು ಜಾಸ್ತಿ ಹೆಕ್ಕಿದರೆ ಸಪೋರ್ಟ್‌ನವರಿಗೆ ಸ್ವಲ್ಪ ಹೊತ್ತು ಹೋಗುತ್ತದೆ. ನಿಜವಾದದ್ದು ಒಂದು ತಪ್ಪಿದರೆ ಒಬ್ಬರ ದುಡ್ಡು ಸಿಕ್ಕಿಹಾಕಿಕೊಳ್ಳುತ್ತದೆ, ಅವರು ಮತ್ತೆ ಈ ಆ್ಯಪ್ ತೆರೆಯಲಿಕ್ಕಿಲ್ಲ. ಇದನ್ನು ತೂಗಲು ಗ್ರಾಹಕರ ಸಿಟ್ಟನ್ನು ವರ್ಷಗಟ್ಟಲೆ ಕೇಳಿದ ಕಿವಿ ಬೇಕು. ಹಳಬರ ಅನುಭವಕ್ಕೆ ಬೆಲೆ ಇರುವುದು ಇಲ್ಲಿಯೇ. ಆದರೆ ಮೇಲಿನ ಲೆಕ್ಕ ಗೊತ್ತಿಲ್ಲದಿದ್ದರೆ, ಆ ಗೆರೆಯನ್ನು ಬೇರೆ ಯಾರೋ ಎಳೆದಿರುವುದೇ ನಮಗೆ ತಿಳಿಯುವುದಿಲ್ಲ.

ನಮ್ಮ ಊರಿನ ಮೆಸೇಜ್‌ಗಳು

ಇಲ್ಲಿ ಮೆಸೇಜ್ ಒಂದೇ ಭಾಷೆಯಲ್ಲಿ ಬರುವುದಿಲ್ಲ. ಕನ್ನಡ, ತುಳು, ಕೊಂಕಣಿ, ಬ್ಯಾರಿ ಎಲ್ಲವೂ ಇವೆ, ಎಷ್ಟೋ ಇಂಗ್ಲಿಷ್ ಅಕ್ಷರದಲ್ಲಿ. "ಕಾಸ್ ಪೋಂಡು, ಆರ್ಡರ್ ಬತ್ತಿಜಿ" (ದುಡ್ಡು ಹೋಯ್ತು, ಆರ್ಡರ್ ಬರಲಿಲ್ಲ) ಅಂತ ಒಬ್ಬರು ತುಳುವಿನಲ್ಲಿ ಬರೆದರೆ ಮಾಡೆಲ್‌ಗೆ ಅರ್ಥವಾಗಬೇಕಲ್ಲ. ಮೊದಲ ಉದಾಹರಣೆಯ 50 ದೂರುಗಳಲ್ಲಿ 40 ಕನ್ನಡ ಮತ್ತು ಇಂಗ್ಲಿಷ್, 10 ತುಳು ಅನ್ನಿ. ಮೊದಲನೆಯದರಲ್ಲಿ 36 ಸಿಕ್ಕಿದವು, ತುಳುವಿನಲ್ಲಿ 4. ಒಟ್ಟು ರಿಕಾಲ್ ಅದೇ 80%. ಬಿಡಿಸಿದರೆ 90% ಮತ್ತು 40%. ಒಟ್ಟು ಸಂಖ್ಯೆಯನ್ನು ನೋಡಿ ಬಿಡುಗಡೆ ಮಾಡಿದರೆ ತುಳುವರ ದೂರಿನಲ್ಲಿ ಅರ್ಧಕ್ಕಿಂತ ಜಾಸ್ತಿ ಯಾರ ಕಣ್ಣಿಗೂ ಬೀಳುವುದಿಲ್ಲ.

ಅಭ್ಯಾಸಕ್ಕೆ

ನಿಮ್ಮ ಪ್ರಾಡಕ್ಟ್‌ನ 100 ಮೆಸೇಜ್ ತೆಗೆದುಕೊಳ್ಳಿ. ಕಂಪನಿಯ ಅನುಮತಿ ಪಡೆದು, ಹೆಸರು, ಫೋನ್ ನಂಬರ್ ಅಳಿಸಿಯೇ ಕೆಲಸ ಶುರು ಮಾಡಿ. ಇಬ್ಬರು ಬೇರೆಬೇರೆ ಕೂತು "ದೂರು", "ದೂರಲ್ಲ" ಅಂತ ಗುರುತು ಹಾಕಿ, ಆಮೇಲೆ ಹೋಲಿಸಿ. ಇಬ್ಬರಿಗೂ ಒಮ್ಮತ ಇಲ್ಲದ ಮೆಸೇಜ್‌ಗಳನ್ನು ಬದಿಗಿಡಿ. ದುಡ್ಡು ಎರಡು ಸಲ ಕಟ್ ಆಗಿದೆ, ಆದರೆ ಆರ್ಡರ್ ಬಂದಿದೆ: ಇದು ದೂರಿನ ರಾಶಿಗೆ ಸೇರಬೇಕೋ ಬೇಡವೋ? ಮಾಡೆಲ್ ಮುಟ್ಟುವ ಮೊದಲು ಇಂಥವನ್ನು ಇಬ್ಬರೂ ಕೂತು ತೀರ್ಮಾನಿಸಿ ಬರೆದಿಡಿ.