ಸ್ಟೆಂಟ್ ಹಾಕಬೇಕಾ, ಬೇಡವಾ? ಈ ಗೊಂದಲ ಹುಟ್ಟಿದ್ದು ಹೀಗೆ

ಹೃದಯದ ರಕ್ತನಾಳದಲ್ಲಿ ಬ್ಲಾಕ್ ಇದೆ ಎಂದ ಕೂಡಲೇ ಮನೆಯವರು ಕೇಳುವುದು ‘ಸ್ಟೆಂಟ್ ಯಾವಾಗ ಹಾಕ್ತೀರಿ?’ ಎಂದು. ಹಾಕಲೇಬೇಕಾ ಎಂದು ಕೇಳುವವರು ಕಡಿಮೆ. ಇನ್ನೊಂದು ಕಡೆ, ಸ್ಟೆಂಟ್‌ನಿಂದ ಏನೂ ಉಪಯೋಗವಿಲ್ಲವಂತೆ ಎಂಬ ಸುದ್ದಿ ಆಗಾಗ ಓಡಾಡುತ್ತದೆ. ಎರಡರಲ್ಲೂ ಒಂದಿಷ್ಟು ನಿಜ ಇದೆ. ಅದಕ್ಕೇ ತಲೆ ಕೆಡುವುದು.

ಕಥೆಯ ಮೊದಲ ಐವತ್ತು ವರ್ಷ ಬೇಗ ಹೇಳಿ ಮುಗಿಸಬಹುದು. 1929ರಲ್ಲಿ ಜರ್ಮನಿಯ ವೆರ್ನರ್ ಫೋರ್ಸ್‌ಮನ್ ತಮ್ಮ ತೋಳಿನ ರಕ್ತನಾಳದಿಂದ ಹೃದಯದವರೆಗೆ ಕೊಳವೆ ತೂರಿಸಿಕೊಂಡು ಎಕ್ಸ್‌ರೇ ತೆಗೆಸಿಕೊಂಡರು. 1958ರಲ್ಲಿ ಅಮೆರಿಕದ ಮೇಸನ್ ಸೋನ್ಸ್ ಪರೀಕ್ಷೆಯೊಂದರಲ್ಲಿ ಬಿಟ್ಟ, ಎಕ್ಸ್‌ರೇಯಲ್ಲಿ ಕಾಣುವ ಡೈ ಆಕಸ್ಮಿಕವಾಗಿ ಹೃದಯದ ರಕ್ತನಾಳಕ್ಕೇ ನುಗ್ಗಿ, ಇಂದಿನ ಆಂಜಿಯೋಗ್ರಾಂಗೆ ದಾರಿಯಾಯಿತು. 1964ರಲ್ಲಿ ಚಾರ್ಲ್ಸ್ ಡಾಟರ್ ಕಾಲಿನ ರಕ್ತನಾಳವನ್ನು ಒಳಗಿನಿಂದಲೇ ಹಿಗ್ಗಿಸಿದರು. 1977ರ ಸೆಪ್ಟೆಂಬರ್ 16ರಂದು ಜ್ಯೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುಯೆಂಟ್ಜಿಗ್ 38 ವರ್ಷದ ರೋಗಿಯೊಬ್ಬರ ಹೃದಯದ ರಕ್ತನಾಳದಲ್ಲಿ ಪುಟ್ಟ ಬಲೂನ್ ಉಬ್ಬಿಸಿದರು. ಅದೇ ಹೃದಯದ ಮೊದಲ ಆಂಜಿಯೋಪ್ಲಾಸ್ಟಿ. ಗ್ರುಯೆಂಟ್ಜಿಗ್ ತಮ್ಮ ಆರಂಭದ ಬಲೂನ್‌ಗಳನ್ನು ಮನೆಯ ಅಡುಗೆಕೋಣೆಯ ಮೇಜಿನ ಮೇಲೇ ತಯಾರಿಸಿದ್ದರು.

ಬಲೂನ್ ಉಬ್ಬಿಸಿದರೆ ಒಳಗೆ ಏನಾಗುತ್ತದೆ? ಕೊಬ್ಬು ಕರಗಿ ಹೋಗುವುದಿಲ್ಲ. ಗಟ್ಟಿಯಾದ ಕೊಬ್ಬು ಬಿರುಕು ಬಿಡುತ್ತದೆ, ರಕ್ತನಾಳದ ಗೋಡೆ ಅಲ್ಲಲ್ಲಿ ಸೀಳಿಕೊಂಡು ಹಿಗ್ಗುತ್ತದೆ. ಒಂದರ್ಥದಲ್ಲಿ ಬೇಕೆಂದೇ ಮಾಡಿದ ಗಾಯ ಅದು. ಗಾಯವಾದ ಮೇಲೆ ದೇಹ ಸುಮ್ನಿರುತ್ತದಾ? ಕೆಲವರಿಗೆ ಸೀಳಿದ ಪದರ ಮಡಚಿಕೊಂಡು ನಾಳ ಅಲ್ಲೇ ಮುಚ್ಚಿಕೊಳ್ಳುತ್ತಿತ್ತು, ತಕ್ಷಣ ಬೈಪಾಸ್‌ಗೆ ಓಡಬೇಕಿತ್ತು. ಸುಮಾರು ಮೂವರಲ್ಲಿ ಒಬ್ಬರಿಗೆ ಆರು ತಿಂಗಳೊಳಗೆ ಅದೇ ಜಾಗ ಮತ್ತೆ ಕಿರಿದಾಗುತ್ತಿತ್ತು.

ಇದಕ್ಕೆ ಸಿಕ್ಕ ಉತ್ತರವೇ ಸ್ಟೆಂಟ್, ಅಂದರೆ ಒಳಗಿನಿಂದ ಆಸರೆ ಕೊಡುವ ಲೋಹದ ಜಾಲರಿ. 1986ರಲ್ಲಿ ಫ್ರಾನ್ಸ್‌ನ ಜಾಕ್ ಪ್ಯುಯೆಲ್ ಮತ್ತು ಸ್ವಿಟ್ಜರ್ಲೆಂಡ್‌ನ ಉಲ್ರಿಚ್ ಸಿಗ್ವಾರ್ಟ್ ಅದನ್ನು ಹೃದಯದ ರಕ್ತನಾಳಕ್ಕೆ ಮೊದಲು ಹಾಕಿದರು. 1994ರಲ್ಲಿ ಬಂದ ಬೆನೆಸ್ಟೆಂಟ್ ಅಧ್ಯಯನದಲ್ಲಿ ಮತ್ತೆ ಕಿರಿದಾಗುವ ಪ್ರಮಾಣ ಶೇ. 32ರಿಂದ ಶೇ. 22ಕ್ಕೆ ಇಳಿಯಿತು. ಆದರೆ ಲೋಹದ ಸುತ್ತ ಅಂಗಾಂಶ ಬೆಳೆಯುವುದು ನಿಲ್ಲಲಿಲ್ಲ. ಆಗ ಜಾಲರಿಗೇ ಔಷಧಿ ಲೇಪಿಸಿದರು. 2002ರ ರಾವೆಲ್ ಅಧ್ಯಯನದಲ್ಲಿ ಬರಿಯ ಲೋಹದ ಸ್ಟೆಂಟ್ ಹಾಕಿದವರಲ್ಲಿ ಶೇ. 26.6 ಮಂದಿಗೆ ನಾಳ ಮತ್ತೆ ಕಿರಿದಾಗಿತ್ತು, ಔಷಧಿ ಲೇಪಿತ ಸ್ಟೆಂಟ್ ಹಾಕಿದವರಲ್ಲಿ ಒಬ್ಬರಿಗೂ ಇಲ್ಲ. ಸೊನ್ನೆ! ಸಮಸ್ಯೆ ಮುಗಿಯಿತು ಎಂದುಕೊಂಡವರನ್ನು ದೂರುವಂತಿಲ್ಲ.

ಮುಗಿದಿರಲಿಲ್ಲ. 2006ರಲ್ಲಿ ಬಾರ್ಸಿಲೋನಾದಲ್ಲಿ ನಡೆದ ಯುರೋಪಿನ ಹೃದ್ರೋಗ ತಜ್ಞರ ಸಮ್ಮೇಳನದಲ್ಲಿ ಬೇರೆಯದೇ ಆತಂಕ ಎದ್ದಿತು. ಬೇಡದ ಅಂಗಾಂಶವನ್ನು ತಡೆಯುವ ಔಷಧಿ, ಬೇಕಾದ ಒಳಪದರವನ್ನೂ ಬೆಳೆಯಲು ಬಿಡುವುದಿಲ್ಲ. ಬರಿದಾಗಿ ಉಳಿದ ಲೋಹದ ಮೇಲೆ ವರ್ಷ ಕಳೆದ ಮೇಲೂ ರಕ್ತ ಹೆಪ್ಪುಗಟ್ಟಬಹುದು. ಹಾಗಾಗಿ ಹೆಪ್ಪು ತಡೆಯುವ ಎರಡೆರಡು ಮಾತ್ರೆಗಳ ಅವಧಿ ಉದ್ದವಾಯಿತು. ಜಾಲರಿಯ ಎಳೆಗಳೂ ಸುಮಾರು 140 ಮೈಕ್ರಾನ್‌ನಿಂದ (ಒಂದು ಮಿಲಿಮೀಟರ್‌ನಲ್ಲಿ ಸಾವಿರ ಮೈಕ್ರಾನ್) 80ರ ಆಸುಪಾಸಿಗೆ ಇಳಿದವು. ಈ ಹೊಸ ಸ್ಟೆಂಟ್‌ಗಳು ನಿಜಕ್ಕೂ ಚೆನ್ನಾಗಿವೆ. ತೊಡೆಸಂದಿಯ ಬದಲು ಮಣಿಕಟ್ಟಿನಿಂದ ಕೊಳವೆ ಹಾಕುವುದು ರೂಢಿಯಾದ ಮೇಲೆ ರಕ್ತಸ್ರಾವದ ತೊಂದರೆಯೂ ಕಡಿಮೆಯಾಯಿತು. ತಾನೇ ಕರಗಿಹೋಗುವ ಸ್ಟೆಂಟ್ ಮಾತ್ರ ಗೆಲ್ಲಲಿಲ್ಲ. 2016ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಅಬ್ಸಾರ್ಬ್ ಮರುವರ್ಷವೇ ಮಾರುಕಟ್ಟೆಯಿಂದ ಹೊರಬಿತ್ತು.

ಇಷ್ಟೂ ವರ್ಷ ಹೇಗೆ ಹಾಕುವುದು ಎನ್ನುವುದರ ಮೇಲೆ ಜಾಣತನವೆಲ್ಲ ಖರ್ಚಾಯಿತು. ಯಾರಿಗೆ ಹಾಕುವುದು ಎಂಬ ಪ್ರಶ್ನೆಯ ಸರದಿ ಬಂದಿದ್ದು ತಡವಾಗಿ.

ಹಾರ್ಟ್ ಅಟ್ಯಾಕ್ ಆಗುತ್ತಿರುವಾಗ ಈ ಚರ್ಚೆ ಬೇಡ. ಆಗ ನಾಳ ಹೆಪ್ಪಿನಿಂದ ಪೂರ್ತಿ ಮುಚ್ಚಿರುತ್ತದೆ, ಸ್ನಾಯು ನಿಮಿಷ ನಿಮಿಷಕ್ಕೂ ಸಾಯುತ್ತಿರುತ್ತದೆ. ಬೇಗ ತೆರೆದರೆ ಜೀವ ಉಳಿಯುತ್ತದೆ. 2019ರ ಕಂಪ್ಲೀಟ್ ಅಧ್ಯಯನದ ಪ್ರಕಾರ, ಅಂಥ ರೋಗಿಗಳ ಉಳಿದ ದೊಡ್ಡ ಬ್ಲಾಕ್‌ಗಳನ್ನೂ ನಂತರ ತೆರೆಯುವುದು ಒಳ್ಳೆಯದೇ.

ಜಗಳ ಇರುವುದು ಇನ್ನೊಂದು ಗುಂಪಿನ ಬಗ್ಗೆ. ಮೆಟ್ಟಿಲು ಹತ್ತಿದರೆ ಎದೆ ಹಿಡಿಯುತ್ತದೆ, ನಿಂತರೆ ಸರಿಹೋಗುತ್ತದೆ, ತಿಂಗಳುಗಳಿಂದ ಹಾಗೇ ಇದೆ. ಇವರಿಗೆ? 2007ರ ಕರೇಜ್ ಅಧ್ಯಯನ 2,287 ಮಂದಿಯನ್ನು ಎರಡು ಗುಂಪು ಮಾಡಿತು. ಎಲ್ಲರಿಗೂ ಒಳ್ಳೆಯ ಔಷಧಿ ಚಿಕಿತ್ಸೆ, ಅರ್ಧದಷ್ಟು ಜನರಿಗೆ ಜೊತೆಗೆ ಆಂಜಿಯೋಪ್ಲಾಸ್ಟಿ. ಸಾವಿನಲ್ಲಾಗಲಿ ಹೃದಯಾಘಾತದಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ‘ಹಳೇ ಸ್ಟೆಂಟ್ ಹಾಕಿದ್ದರು, ರೋಗ ಜಾಸ್ತಿ ಇರಲಿಲ್ಲ’ ಎಂಬ ಆಕ್ಷೇಪ ಬಂತು. 2020ರಲ್ಲಿ ಪ್ರಕಟವಾದ ಇಸ್ಕೀಮಿಯಾ ಅಧ್ಯಯನ 37 ದೇಶಗಳ 5,179 ಮಂದಿಯನ್ನು, ಅದೂ ಪರೀಕ್ಷೆಯಲ್ಲಿ ರಕ್ತದ ಕೊರತೆ ಸಾಕಷ್ಟು ಇದ್ದವರನ್ನೇ ತೆಗೆದುಕೊಂಡಿತು. ಒಟ್ಟಾರೆ ಫಲಿತಾಂಶ ಮತ್ತೆ ಅದೇ.

ಜನರಿಗೆ ನಂಬಲು ಕಷ್ಟವಾಗುವುದು ಇಲ್ಲೇ. ಕಟ್ಟಿದ ಪೈಪ್ ಬಿಡಿಸಿದ ಮೇಲೂ ಅಪಾಯ ಹೇಗೆ ಉಳಿಯುತ್ತದೆ? ಹೃದಯಾಘಾತ ಎಷ್ಟೋ ಸಲ ಶುರುವಾಗುವುದು ಅಷ್ಟೇನೂ ಕಿರಿದಾಗಿರದ ಜಾಗದಲ್ಲಿ. ಅಲ್ಲಿನ ಮೆತ್ತನೆಯ ಕೊಬ್ಬಿನ ಪೊರೆ ಒಡೆದು, ಅದರ ಮೇಲೆ ರಕ್ತ ಹೆಪ್ಪುಗಟ್ಟುತ್ತದೆ. ಸ್ಟೆಂಟ್ ಎರಡು ಸೆಂಟಿಮೀಟರ್ ಜಾಗ ಸರಿಮಾಡಬಹುದು. ಕಾಯಿಲೆ ನಾಳದ ಉದ್ದಕ್ಕೂ ಇರುತ್ತದೆ, ಅದನ್ನು ಹತೋಟಿಗೆ ತರುವುದು ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್, ಬಿಪಿ ಮಾತ್ರೆ, ಸಿಗರೇಟ್ ಬಿಡುವುದು.

ಹೋಗಲಿ, ಎದೆನೋವಾದರೂ ಕಡಿಮೆಯಾಗುತ್ತದಲ್ವಾ? ಇದನ್ನು ಪರೀಕ್ಷಿಸಲು ಇಂಗ್ಲೆಂಡಿನ ವೈದ್ಯರು 2017ರಲ್ಲಿ ಮಾಡಿದ ಆರ್ಬಿಟಾ ಅಧ್ಯಯನ ನನಗೆ ಇಡೀ ಕಥೆಯಲ್ಲೇ ಹೆಚ್ಚು ಇಷ್ಟ. ಇನ್ನೂರು ರೋಗಿಗಳು. ಆರು ವಾರ ಔಷಧಿ ಸರಿಹೊಂದಿಸಿ ಎಲ್ಲರನ್ನೂ ಸ್ಟೆಂಟ್ ಹಾಕುವ ಕೋಣೆಗೆ, ಅಂದರೆ ಕ್ಯಾಥ್ ಲ್ಯಾಬ್‌ಗೆ ಕರೆದೊಯ್ದರು. ಕಿವಿಗೆ ಹೆಡ್‌ಫೋನ್, ಅದರಲ್ಲಿ ಸಂಗೀತ, ಜೊತೆಗೆ ಮಂಪರು ಔಷಧಿ. ಅರ್ಧದಷ್ಟು ಜನರಿಗೆ ಸ್ಟೆಂಟ್ ಹಾಕಿದರು. ಉಳಿದವರನ್ನು ಏನೂ ಮಾಡದೆ ಕನಿಷ್ಠ 15 ನಿಮಿಷ ಹಾಗೇ ಮಲಗಿಸಿದರು. ಯಾರಿಗೆ ಏನಾಯಿತು ಎಂದು ರೋಗಿಗೂ ಗೊತ್ತಿಲ್ಲ, ನಂತರ ಪರೀಕ್ಷಿಸಿದವರಿಗೂ ಗೊತ್ತಿಲ್ಲ. ಆರು ವಾರದ ಮೇಲೆ ಟ್ರೆಡ್‌ಮಿಲ್ ಮೇಲೆ ನಡೆಸಿದರೆ ಎರಡು ಗುಂಪಿನ ಅಂತರ 16.6 ಸೆಕೆಂಡ್. ಆಕಸ್ಮಿಕವಾಗಿಯೂ ಬರಬಹುದಾದಷ್ಟು ಚಿಕ್ಕದು.

ಅದನ್ನೇ ‘ಸ್ಟೆಂಟ್ ದಂಡ’ ಎಂದು ಓದಿದವರೂ ಅವಸರಪಟ್ಟರು. 2023ರಲ್ಲಿ ಅದೇ ತಂಡ 301 ಮಂದಿಯ ಎದೆನೋವಿನ ಮಾತ್ರೆಗಳನ್ನು ನಿಲ್ಲಿಸಿ ಮತ್ತೆ ನೋಡಿತು. 12 ವಾರದ ಮೇಲೆ ನೋವು ಪೂರ್ತಿ ಹೋದವರು ಸ್ಟೆಂಟ್ ಗುಂಪಿನಲ್ಲಿ ಶೇ. 40, ಇನ್ನೊಂದರಲ್ಲಿ ಶೇ. 15. ಅಂದರೆ ಉಪಯೋಗ ಇದೆ, ಆದರೆ ಐವರಲ್ಲಿ ಮೂವರಿಗೆ ಒಂದಿಷ್ಟು ನೋವು ಉಳಿದೇ ಇತ್ತು.

ಆಂಜಿಯೋಗ್ರಾಂ ಚಿತ್ರ ನೋಡಿದ ಮೇಲೆ ಯಾರಿಗೂ ಸುಮ್ನೆ ಕೂರಲು ಆಗುವುದಿಲ್ಲ, ಅದು ಇನ್ನೊಂದು ತೊಡಕು. 2009ರ ಫೇಮ್ ಅಧ್ಯಯನ ಕಣ್ಣಂದಾಜು ಬಿಟ್ಟು, ಒತ್ತಡ ಅಳೆಯುವ ತಂತಿಯನ್ನು ಬ್ಲಾಕ್ ದಾಟಿಸಿ ನೋಡಿತು. ಒತ್ತಡ ನಿಜಕ್ಕೂ ಕುಸಿದಿದ್ದ ಕಡೆ ಮಾತ್ರ ಸ್ಟೆಂಟ್ ಹಾಕಿದಾಗ, ಸ್ಟೆಂಟ್‌ಗಳೂ ಕಡಿಮೆ ಸಾಕಾದವು, ವರ್ಷದೊಳಗಿನ ತೊಂದರೆಗಳೂ ಶೇ. 18.3ರಿಂದ ಶೇ. 13.2ಕ್ಕೆ ಇಳಿದವು. ಸಕ್ಕರೆ ಕಾಯಿಲೆಯ ಜೊತೆ ಹಲವು ನಾಳಗಳಲ್ಲಿ ಬ್ಲಾಕ್ ಇದ್ದವರಿಗೆ ಬೈಪಾಸೇ ಮೇಲು ಎಂದು 2012ರ ಫ್ರೀಡಂ ಅಧ್ಯಯನ ಹೇಳಿತು. ಎಡಗಡೆಯ ಮುಖ್ಯ ನಾಳದ ದೊಡ್ಡ ಬ್ಲಾಕ್, ಔಷಧಿಗೆ ಬಗ್ಗದ ತೀವ್ರ ನೋವು ಇದ್ದವರನ್ನು ಇಸ್ಕೀಮಿಯಾ ಸೇರಿಸಿಕೊಂಡಿರಲಿಲ್ಲ. ಅದರ ಫಲಿತಾಂಶ ಹಿಡಿದು ಇವರಿಗೆ ‘ಸ್ಟೆಂಟ್ ಬೇಡ’ ಎನ್ನುವುದು ತಪ್ಪು.

ಈಗ ಹೊಸ ಸುತ್ತು ಶುರುವಾಗಿದೆ. 2024ರಲ್ಲಿ ಬಂದ ಪ್ರಿವೆಂಟ್ ಅಧ್ಯಯನ, ರಕ್ತದ ಹರಿವಿಗೆ ಅಡ್ಡಿ ಮಾಡದ ಆದರೆ ಒಡೆಯುವ ಲಕ್ಷಣ ಇರುವ ಕೊಬ್ಬಿಗೂ ಮೊದಲೇ ಸ್ಟೆಂಟ್ ಹಾಕಿ ನೋಡಿತು. 1,606 ಮಂದಿಯಲ್ಲಿ ಎರಡು ವರ್ಷದೊಳಗೆ ತೊಂದರೆಯಾದವರು ಸ್ಟೆಂಟ್ ಗುಂಪಿನಲ್ಲಿ ಶೇ. 0.4, ಬರಿಯ ಔಷಧಿಯ ಗುಂಪಿನಲ್ಲಿ ಶೇ. 3.4. ಚೆನ್ನಾಗಿಯೇ ಕಾಣುತ್ತದೆ. ಆದರೆ ಇಲ್ಲಿ ಹೆಡ್‌ಫೋನ್ ಹಾಕಿ ಮಲಗಿಸಿದ ಗುಂಪು ಇರಲಿಲ್ಲ. ತನಗೆ ಸ್ಟೆಂಟ್ ಬಿದ್ದಿದೆಯೋ ಇಲ್ಲವೋ ಎಂದು ಎಲ್ಲರಿಗೂ ಗೊತ್ತಿತ್ತು, ಅಂತರದ ದೊಡ್ಡ ಪಾಲು ಬಂದಿದ್ದು ಮತ್ತೆ ಆಸ್ಪತ್ರೆಗೆ ಸೇರಿದವರಿಂದ, ನಂತರ ಸ್ಟೆಂಟ್ ಹಾಕಿಸಿಕೊಂಡವರಿಂದ.