ಉಚಿತ ಪಾಠಕ್ಕೂ ಮುಕ್ತ ಪಾಠಕ್ಕೂ ನಡುವಿನ ದೂರ

ಕೆಲವು ವರ್ಷಗಳ ಹಿಂದಿನ ಮಾತು. ಉಡುಪಿಯ ಪಕ್ಕದ ಹೈಸ್ಕೂಲಿನ ಮಾಷ್ಟ್ರೊಬ್ಬರು ನನಗೆ ಒಂದು ಪೆನ್‌ಡ್ರೈವ್ ಕೊಟ್ಟರು. ಹತ್ತನೇ ತರಗತಿಯ ವಿದ್ಯುತ್ ಪಾಠಕ್ಕೆ ಅವರೇ ರಾತ್ರಿ ಕೂತು ಮಾಡಿದ ಚಟುವಟಿಕೆ ಹಾಳೆಗಳು ಅದರಲ್ಲಿದ್ದವು. ನಮ್ಮ ಶಾಲೆಯ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡವೇ ಇಲ್ಲ, ಬರೀ ಚಿಹ್ನೆಗಳ ರಾಶಿ. ಅವರು ಬಳಸಿದ ಫಾಂಟ್ ನಮ್ಮಲ್ಲಿ ಇರಲಿಲ್ಲ. ಫೋನ್ ಮಾಡಿದೆ. ಪಿಡಿಎಫ್ ಮಾಡಿ ವಾಟ್ಸಾಪ್‌ನಲ್ಲಿ ಕಳಿಸಿದರು. ಈಗ ಓದಲು ಬಂತು. ಆದರೆ ಮೂರನೇ ಲೆಕ್ಕದಲ್ಲಿ ಒಂದು ಅಂಕಿ ತಪ್ಪಿತ್ತು, ಅದನ್ನು ತಿದ್ದಲು ಬರಲಿಲ್ಲ.

ಕೊಡುವ ಮನಸ್ಸಿತ್ತು, ತೆಗೆದುಕೊಳ್ಳುವ ಆಸೆಯೂ ಇತ್ತು. ಆದರೂ ಪಾಠ ಕೈಗೆ ಸಿಗಲಿಲ್ಲ. ಯಾಕೆ ಹೀಗಾಗುತ್ತದೆ ಅಂತ ಹುಡುಕುತ್ತಾ ಹೋದರೆ ಸುಮಾರು ಹಿಂದಕ್ಕೆ ಹೋಗಬೇಕಾಗುತ್ತದೆ.

ಕನ್ನಡದಲ್ಲಿ ಮಕ್ಕಳಿಗೆ ವಿಜ್ಞಾನ ಹೇಳಬಹುದೇ ಎಂಬ ಪ್ರಶ್ನೆಗೆ ನಮ್ಮ ಕರಾವಳಿ ಬಹಳ ಹಿಂದೆಯೇ ಉತ್ತರ ಕೊಟ್ಟಿದೆ. ಕೋಟದಲ್ಲಿ ಹುಟ್ಟಿ ಪುತ್ತೂರಿನಲ್ಲಿ ನೆಲೆಸಿದ ಶಿವರಾಮ ಕಾರಂತರು 1930ರ ದಶಕದಲ್ಲೇ ಮಕ್ಕಳಿಗಾಗಿ ಮೂರು ಸಂಪುಟಗಳ ‘ಬಾಲಪ್ರಪಂಚ’ ಬರೆದರು. ಮುಂದೆ ದೊಡ್ಡವರಿಗಾಗಿ ‘ವಿಜ್ಞಾನ ಪ್ರಪಂಚ’ವನ್ನೂ ಕೊಟ್ಟರು. ಕಂಪ್ಯೂಟರಿನಲ್ಲಿ ಕನ್ನಡ ಬರೆಯುವ ದಾರಿ ಮಾಡಿಕೊಟ್ಟವರಲ್ಲೂ ಮೊದಲು ನೆನಪಾಗುವುದು ನಮ್ಮೂರಿನವರೇ. ಮಂಗಳೂರಿನ ಹತ್ತಿರದ ಕಿನ್ನಿಕಂಬಳದ ಕೆ.ಪಿ. ರಾವ್ ರೂಪಿಸಿದ ಕೀಲಿಮಣೆಯ ವಿನ್ಯಾಸವೇ ಇವತ್ತಿಗೂ ಹಲವರು ಕಂಪ್ಯೂಟರಿನಲ್ಲಿ ಕನ್ನಡ ಟೈಪ್ ಮಾಡುವ ಕ್ರಮ. ತಾವು ಮಾಡಿದ ತಂತ್ರಾಂಶಕ್ಕೆ ‘ಸೇಡಿಯಾಪು’ ಎಂದು ಹೆಸರಿಟ್ಟು ಉಚಿತವಾಗಿ ಹಂಚಿದವರು ಅವರು.

ತೊಡಕಿದ್ದದ್ದು ಅಕ್ಷರಗಳ ಸಂಕೇತದಲ್ಲಿ. ಎಲ್ಲ ಕಂಪ್ಯೂಟರಿಗೂ ಒಂದೇ ಅಕ್ಷರ ಸಂಕೇತ ಇರಲಿ ಎಂದು 1991ರಲ್ಲಿ ಬಂದ ಯುನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. ಆದರೆ ಶಾಲೆ, ಕಚೇರಿ, ಡಿಟಿಪಿ ಅಂಗಡಿಗಳಲ್ಲಿ ಹಳೆಯ ಫಾಂಟುಗಳ ಅಭ್ಯಾಸ ತುಂಬಾ ಕಾಲ ಉಳಿಯಿತು. ಒಂದೊಂದು ಫಾಂಟಿನದ್ದು ಒಂದೊಂದು ಸಂಕೇತ. ಹೀಗೆ ಶಿಕ್ಷಕರ ಎಷ್ಟೋ ವರ್ಷಗಳ ಕೆಲಸ ಅವರವರ ಕಂಪ್ಯೂಟರಿನಲ್ಲೇ ಉಳಿದುಬಿಟ್ಟಿತು.

ಅತ್ತ 2001 ಮತ್ತು 2002ರಲ್ಲಿ ಒಟ್ಟೊಟ್ಟಿಗೆ ಹಲವು ಬಾಗಿಲು ತೆರೆದವು. ಅಮೆರಿಕದ ಎಂಐಟಿ ತನ್ನ ಕೋರ್ಸುಗಳ ಪಾಠಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ಇಡುತ್ತೇವೆಂದು 2001ರಲ್ಲಿ ಹೇಳಿತು. ಮರುವರ್ಷ ಯುನೆಸ್ಕೋ ಸಭೆಯಲ್ಲಿ ಇಂಥ ಸಾಮಗ್ರಿಗೆ ‘ಮುಕ್ತ ಶೈಕ್ಷಣಿಕ ಸಂಪನ್ಮೂಲ’ ಎಂಬ ಹೆಸರು ಬಂತು. ಅದೇ ವರ್ಷದ ಡಿಸೆಂಬರಿನಲ್ಲಿ, ತಮ್ಮ ಬರಹವನ್ನು ಬೇರೆಯವರು ಹೇಗೆ ಬಳಸಬಹುದೆಂದು ಬರೆದವರೇ ಮೊದಲೇ ಹೇಳಿಡುವ ಕ್ರಿಯೇಟಿವ್ ಕಾಮನ್ಸ್ (ಸಿಸಿ) ಪರವಾನಗಿಗಳೂ ಹೊರಬಂದವು.

ಈ ಪರವಾನಗಿಯ ವಿಷಯವನ್ನು ನಮ್ಮ ಶಿಕ್ಷಕರು ಸ್ವಲ್ಪ ನಿಂತು ನೋಡಬೇಕು ಅಂತ ನನಗೆ ಅನಿಸುತ್ತದೆ. ನಾವು ಏನಾದರೂ ಬರೆದ ಕ್ಷಣದಲ್ಲೇ ಅದರ ಹಕ್ಕು ನಮ್ಮದಾಗುತ್ತದೆ. ನೋಂದಣಿ ಬೇಕಿಲ್ಲ. ಅಂದರೆ ನಾವು ಸುಮ್ನೆ ಇದ್ದರೆ ಬೇರೆಯವರಿಗೆ ಅದನ್ನು ತಿದ್ದಿ ಹಂಚುವ ಅನುಮತಿ ಇಲ್ಲ ಅಂತಲೇ ಅರ್ಥ. ಹಾಳೆಯ ಕೆಳಗೆ ‘ಸಿಸಿ ಬಿವೈ’ ಎಂದು ಬರೆದರೆ, ನನ್ನ ಹೆಸರು ಹೇಳಿ, ಹೇಗೆ ಬೇಕಾದರೂ ಬಳಸಿ, ಬದಲಿಸಿ ಎಂದ ಹಾಗೆ. ‘ಎಸ್‌ಎ’ ಸೇರಿಸಿದರೆ, ನೀವು ಬದಲಿಸಿದ್ದನ್ನೂ ಇದೇ ಷರತ್ತಿನಲ್ಲಿ ಹಂಚಿ ಎಂದ ಹಾಗೆ. ‘ಎನ್‌ಸಿ’ ಇದ್ದರೆ ವ್ಯಾಪಾರಕ್ಕೆ ಬಳಸುವಂತಿಲ್ಲ. ‘ಎನ್‌ಡಿ’ ಇದ್ದರೆ ಬದಲಿಸಿ ಹಂಚುವಂತಿಲ್ಲ. ಅನುವಾದವೂ ಬದಲಾವಣೆಯೇ. ಹಾಗಾಗಿ ‘ಎನ್‌ಡಿ’ ಹಾಕಿದ ಒಳ್ಳೆಯ ಇಂಗ್ಲಿಷ್ ಪಾಠವನ್ನು ಕನ್ನಡಕ್ಕೆ ತಂದು ಹಂಚಬೇಕಾದರೆ ಬೇರೆಯಾಗಿ ಅನುಮತಿ ಕೇಳಬೇಕು. ಅದು ಉಚಿತ ಹೌದು, ಮುಕ್ತ ಅಲ್ಲ. ಕನ್ನಡ ಮಾಧ್ಯಮದ ನಮಗೆ ಈ ಎರಡು ಅಕ್ಷರಗಳ ಭಾರ ಜಾಸ್ತಿ.

ವಿಜ್ಞಾನ, ಗಣಿತಕ್ಕೆ ಈ ಸ್ವಾತಂತ್ರ್ಯ ಇನ್ನೂ ಮುಖ್ಯ. ಯಾಕೆಂದರೆ ಅಲ್ಲಿ ಓದುವುದಷ್ಟೇ ಸಾಲದು, ಕೈಯಾಡಿಸಿ ನೋಡಬೇಕು. ಭೌತಶಾಸ್ತ್ರದ ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಪರದೆಯ ಮೇಲೆ ಪ್ರಯೋಗ ಮಾಡಿ ನೋಡುವ ಸಿಮ್ಯುಲೇಷನ್ನುಗಳ ಯೋಜನೆ ‘ಫೆಟ್’ ಆರಂಭಿಸಿದರು. ಪ್ರಶಸ್ತಿಯ ಹಣದಲ್ಲಿ ಒಂದಷ್ಟನ್ನು ಅದಕ್ಕೇ ಹಾಕಿದರು. ಅದರ ಸರ್ಕ್ಯೂಟ್ ಸಿಮ್ಯುಲೇಷನ್ ತರಗತಿಯಲ್ಲಿ ತೋರಿಸಿದ ದಿನ ನನಗೆ ಚೆನ್ನಾಗಿ ನೆನಪಿದೆ. ಸರಣಿಯಲ್ಲಿ ಎರಡು ಬಲ್ಬ್ ಜೋಡಿಸಿದರೆ ಮೊದಲ ಬಲ್ಬ್ ಕರೆಂಟನ್ನು ತಿಂದುಬಿಡುತ್ತದೆ, ಎರಡನೆಯದಕ್ಕೆ ಕಡಿಮೆ ಉಳಿಯುತ್ತದೆ ಎಂದೇ ಮಕ್ಕಳು ನಂಬಿದ್ದರು. ಪರದೆಯಲ್ಲಿ ಎಲೆಕ್ಟ್ರಾನುಗಳು ಎರಡೂ ಬಲ್ಬುಗಳಲ್ಲಿ ಒಂದೇ ವೇಗದಲ್ಲಿ ಹೋಗುವುದನ್ನು ಕಂಡಾಗ ತರಗತಿ ಒಮ್ಮೆಲೇ ಮೌನವಾಯಿತು. ಆಮೇಲೆ ಪ್ರಶ್ನೆಗಳ ಮಳೆ. ಬೋರ್ಡಿನ ಮೇಲೆ ಇದನ್ನು ಹತ್ತು ಸಲ ಬರೆದಿದ್ದೆ.

ಗಣಿತಕ್ಕೆ ಜಿಯೋಜೀಬ್ರಾ ಇದೆ, ಆಕೃತಿ, ನಕ್ಷೆಗಳನ್ನು ಎಳೆದು ಬದಲಿಸಿ ನೋಡುವ ತಂತ್ರಾಂಶ. ಮಾರ್ಕುಸ್ ಹೋಹೆನ್‌ವಾರ್ಟರ್ 2001ರಲ್ಲಿ ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ನಲ್ಲಿ ವಿದ್ಯಾರ್ಥಿಯಾಗಿದ್ದಾಗ ಶುರು ಮಾಡಿದ್ದು. 2021ರಲ್ಲಿ ಅದನ್ನು ಬೈಜೂಸ್ ಕಂಪನಿ ಕೊಂಡಿತು. ಸಾಧನದ ಒಡೆತನ ಕೈ ಬದಲಾಗಬಹುದು. ನಾವು ಬರೆದ ಹಾಳೆ, ಪ್ರಶ್ನೆಗಳು ನಮ್ಮ ಕೈಯಲ್ಲೂ ಒಂದು ಪ್ರತಿ ಇರಬೇಕು ಎನ್ನುವುದು ಅದಕ್ಕೇ.

ನಮ್ಮಲ್ಲೂ ಸರ್ಕಾರದ ಕೆಲಸ ನಡೆದಿದೆ. 2013ರಲ್ಲಿ ಎನ್‌ಸಿಇಆರ್‌ಟಿಯ ಮುಕ್ತ ಪಾಠ ಸಾಮಗ್ರಿಯ ರಾಷ್ಟ್ರೀಯ ಭಂಡಾರ ಶುರುವಾಯಿತು. ಅದೇ ಹೊತ್ತಿಗೆ ರಾಜ್ಯದ ಶಿಕ್ಷಣ ಸಂಶೋಧನೆ, ತರಬೇತಿ ಇಲಾಖೆಯಾದ ಡಿಎಸ್‌ಇಆರ್‌ಟಿ, ಬೆಂಗಳೂರಿನ ಐಟಿ ಫಾರ್ ಚೇಂಜ್ ಎಂಬ ಸಂಸ್ಥೆಯ ಜೊತೆ ಸೇರಿ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ’ ಯೋಜನೆ ನಡೆಸಿತು. ಶಿಕ್ಷಕರೇ ಬರೆದು, ಶಿಕ್ಷಕರೇ ತಿದ್ದುವ ವಿಕಿ ಅದು. 2017ರಲ್ಲಿ ಶಾಲಾ ಪಾಠಗಳ ಸರ್ಕಾರಿ ಅಂತರ್ಜಾಲ ವೇದಿಕೆ ದೀಕ್ಷಾ ಬಂತು, ಪಠ್ಯಪುಸ್ತಕಗಳಲ್ಲಿ ಕ್ಯೂಆರ್ ಕೋಡ್ ಬಂತು. ಕೋಡ್ ಸ್ಕ್ಯಾನ್ ಮಾಡಿದರೆ ವಿಡಿಯೊ ಬರುತ್ತದೆ, ಒಳ್ಳೆಯದೇ. ಆದರೆ ಆ ವಿಡಿಯೊದೊಳಗಿನ ಉದಾಹರಣೆ ನಮ್ಮ ಮಕ್ಕಳಿಗೆ ಹಿಡಿಸದಿದ್ದರೆ ಶಿಕ್ಷಕರು ಅದನ್ನು ಬದಲಿಸುವುದು ಸುಲಭವಲ್ಲ. ವಿಕಿಯಲ್ಲಿದ್ದ ಆ ಸಲೀಸು ನನಗೆ ಇವತ್ತಿಗೂ ಬೇಕು ಅನಿಸುತ್ತದೆ.

ಆಷಾಢದ ಮಳೆಗೆ ಕರೆಂಟ್ ಹೋಗುವ, ನೆಟ್‌ವರ್ಕ್ ಸಿಗದ ಊರುಗಳು ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟಿವೆ. ಅಲ್ಲಿಗೆ ಬೇಕಾದದ್ದು ಇಳಿಸಿಕೊಂಡು ಇಟ್ಟುಕೊಳ್ಳಬಹುದಾದ, ಪ್ರಿಂಟ್ ತೆಗೆಯಬಹುದಾದ, ತಿದ್ದಬಹುದಾದ ಫೈಲು.

ಆ ಮಾಷ್ಟ್ರ ಹಾಳೆಯನ್ನು ನಾನು ಅವರನ್ನೇ ಕೇಳಿ ಯುನಿಕೋಡ್‌ನಲ್ಲಿ ಮತ್ತೆ ಟೈಪ್ ಮಾಡಿದೆ. ತಪ್ಪಿದ ಅಂಕಿ ಸರಿಪಡಿಸಿದೆ. ಬಲ್ಬುಗಳ ಪ್ರಶ್ನೆ ಸೇರಿಸಿದೆ. ಕೆಳಗೆ ಅವರ ಹೆಸರು, ನನ್ನ ಹೆಸರು, ‘ಸಿಸಿ ಬಿವೈ-ಎಸ್‌ಎ’ ಎಂದು ಹಾಕಿ ಕಳಿಸಿದೆ. ಪಿಡಿಎಫ್ ಜೊತೆಗೆ ತಿದ್ದಲು ಬರುವ ಫೈಲನ್ನೂ ಇಟ್ಟೆ. ಮುಂದಿನ ವರ್ಷ ಅದೇ ಹಾಳೆ ಕುಂದಾಪುರ ಕಡೆಯ ಟೀಚರ್ ಒಬ್ಬರಿಂದ ನನಗೇ ವಾಪಸ್ ಬಂತು. ಕೆಳಗೆ ಮೂರನೇ ಹೆಸರು ಸೇರಿತ್ತು. ಕೊನೆಯಲ್ಲಿ ಹೊಸ ಪ್ರಶ್ನೆಯೊಂದಿತ್ತು: ‘ಮನೆಯಿಂದ ದೂರದ ಅಡಿಕೆ ತೋಟದ ತನಕ ಸಪೂರ ವಯರ್ ಎಳೆದರೆ ಪಂಪಿಗೆ ವೋಲ್ಟೇಜ್ ಯಾಕೆ ಕಡಿಮೆ ಸಿಗುತ್ತದೆ? ಸಿಮ್ಯುಲೇಷನ್‌ನಲ್ಲಿ ತಂತಿಯ ರೋಧ ಹೆಚ್ಚಿಸಿ ನೋಡಿ.’